ಎಂಟನೆಯ ವಿಭಕ್ತಿ

ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಬೆಟಗೇರಿಯ ಹುಡುಗಿಯರಿಗೆ ನಾನು ಕನ್ನಡ ವ್ಯಾಕರಣ ಕಲಿಸಿದೆ. ಅವರಲ್ಲಿ ಎಷ್ಟು ಮಂದಿಗೆ ಅದು ನೆನಪಿದೆಯೋ ತಿಳಿಯದು, ನೆನಪಿರಬೇಕೆಂಬ ಹಟವೂ ನನಗಿಲ್ಲ. ವಿಭಕ್ತಿ ಪ್ರತ್ಯಯಗಳನ್ನು ಕಲಿತು ಆಮೇಲೆ ಮಾತಾಡಿದವರು ಯಾರೂ ಇಲ್ಲ. ಎರಡು ವರ್ಷದ ಕೂಸು ‘ಅವ್ವಗ ಕೊಡು’ ಎನ್ನುವಾಗ ಅದಕ್ಕೆ ಚತುರ್ಥಿ ಎಂಬ ಹೆಸರು ಗೊತ್ತಿರುವುದಿಲ್ಲ. ಆದರೆ ಕೊಡಬೇಕಾದ್ದು ಯಾರಿಗೆ ಎಂಬುದರಲ್ಲಿ ಅದು ಎಂದೂ ತಪ್ಪುವುದಿಲ್ಲ. ಬರುವುದನ್ನೇ ಮತ್ತೆ ಕಲಿಸಿ, ಅದಕ್ಕೆ ಅಂಕ ಹಾಕಿ, ಸಂಬಳ ತೆಗೆದುಕೊಂಡವಳು ನಾನು.

ಪ್ರತ್ಯಯಕ್ಕೆ ಒಂಟಿಯಾಗಿ ಅರ್ಥವಿಲ್ಲ. ಅನ್ನು, ಇಂದ, ಗೆ, ಅಲ್ಲಿ ಎಂದು ಬಿಡಿಯಾಗಿ ಹೇಳಿದರೆ ಕೇಳಿದವರು ಹಿಂದಿನ ಮಾತು ಕಿವಿಗೆ ಬೀಳಲಿಲ್ಲವೇನೋ ಎಂದುಕೊಳ್ಳುತ್ತಾರೆ. ಅದು ಹೆಸರಿನ ಬೆನ್ನಿಗೆ ಹತ್ತಬೇಕು. ಆಗ ಯಾರು ಹೊಡೆದರು, ಯಾರು ಹೊಡೆಸಿಕೊಂಡರು ಎಂಬುದು ಗೊತ್ತಾಗುತ್ತದೆ. ಏಳು ವಿಭಕ್ತಿಗಳಲ್ಲಿ ‘ದೆಸೆಯಿಂದ’ ಎಂಬುದೊಂದಿದೆ, ಪಂಚಮಿಯದು. ನಮ್ಮ ಸೀಮೆಯಲ್ಲಿ ಅದನ್ನು ಅಡಿಗೆಮನೆಯಲ್ಲಾಗಲಿ ಸಂತೆಯಲ್ಲಾಗಲಿ ಆಡಿದವರನ್ನು ನಾನು ಕಂಡಿಲ್ಲ. ಅದು ಪರೀಕ್ಷೆಯಲ್ಲಿ ಹುಟ್ಟಿ ಪರೀಕ್ಷೆಯಲ್ಲೇ ಸಾಯುತ್ತದೆ. ಏಳೂ ಮುಗಿದ ಮೇಲೆ ಎಂಟನೆಯದಾಗಿ ಸಂಬೋಧನೆ, ಅಂದರೆ ಹೆಸರು ಹಿಡಿದು ಕರೆಯುವುದು. ಕೆಲವು ಪಂಡಿತರು ಅದನ್ನು ವಿಭಕ್ತಿಯೆಂದು ಎಣಿಸುವುದೇ ಇಲ್ಲ.

ಇವಲ್ಲದೆ ಪುಸ್ತಕದಲ್ಲಿ ಯಾರೂ ಪಾಠ ಮಾಡದ ಪ್ರತ್ಯಯ ಒಂದಿದೆ, ನಮ್ಮ ಕಡೆಯ ‘ರಿ’. ಬರ್ರಿ, ಕುಂಡ್ರಿ, ಉಣ್ರಿ. ಅದು ಯಾರಿಗೆ ಹತ್ತುತ್ತದೆ, ಯಾವಾಗ ಉದುರುತ್ತದೆ ಎಂಬುದನ್ನು ನೋಡಿದರೆ ಸಾಕು, ಒಂದು ಮನೆಯ ಒಳಗಿನದೆಲ್ಲ ತಿಳಿಯುತ್ತದೆ. ಇದನ್ನು ನಾನು ನಮ್ಮ ಅತ್ತೆಯ ಬಾಳಿನಿಂದ ಕಲಿತೆ. ಅತ್ತೆ ಎಂದರೆ ಅಪ್ಪನ ತಂಗಿ. ಲಕ್ಷ್ಮೇಶ್ವರದ ನಮ್ಮ ಮನೆಯಿಂದ ಅವಳನ್ನು ತುಂಗಭದ್ರೆಯ ದಂಡೆಯ ಕೊರ್ಲಹಳ್ಳಿಗೆ ಕೊಟ್ಟಿದ್ದರು. ಮದುವೆಯಾಗಿ ಮೂರು ವರ್ಷ ತುಂಬುವುದರೊಳಗೆ ಗಂಡ ಹೊಳೆಯಲ್ಲಿ ತೀರಿಕೊಂಡರು. ಮಕ್ಕಳಿರಲಿಲ್ಲ. ಅಲ್ಲಿಯವರೆಗೆ ‘ಊಟಕ್ಕ ನೀಡ್ರಿ’ ಎನ್ನುತ್ತಿದ್ದ ಮೈದುನ ತಿಂಗಳು ಕಳೆಯುವುದರೊಳಗೆ ‘ನೀಡು’ ಎನ್ನತೊಡಗಿದ. ಬೈಗುಳವಿಲ್ಲ, ಹೊಡೆತವಿಲ್ಲ, ಒಂದಕ್ಷರ ಕಡಿಮೆಯಾಯಿತು ಅಷ್ಟೆ. ಅಪ್ಪ ಒಮ್ಮೆ ನೋಡಲು ಹೋದವರು ಅದನ್ನು ಕಿವಿಯಾರೆ ಕೇಳಿ, ಅಂದೇ ತಂಗಿಯನ್ನು ಗಾಡಿಯಲ್ಲಿ ಕೂಡಿಸಿಕೊಂಡು ಬಂದರು.

ಆಗ ಸ್ವಾತಂತ್ರ್ಯ ಬಂದು ಹೆಚ್ಚು ದಿನವಾಗಿರಲಿಲ್ಲ. ಲಕ್ಷ್ಮೇಶ್ವರ ಒಂದು ಸಂಸ್ಥಾನದಲ್ಲಿತ್ತು, ಶಿರಹಟ್ಟಿ ಇನ್ನೊಂದರಲ್ಲಿ. ಗದಗ, ಮುಂಡರಗಿ ಮುಂಬೈ ಸರಕಾರಕ್ಕೆ ಸೇರಿದ್ದವು, ಹೊಳೆ ದಾಟಿದರೆ ಮದ್ರಾಸಿನವರ ರಾಜ್ಯ. ‘ಮುಂಜಾನೆ ಗಾಡಿ ಹೂಡಿದರ ಸಂಜಿ ಅನ್ನೂದರಾಗ ಮೂರು ರಾಜ್ಯ ದಾಟತೈತಿ, ಎತ್ತಿಗೆ ಖಬರನ ಇರೂದಿಲ್ಲ’ ಎಂದು ಅಪ್ಪ ನಗುತ್ತಿದ್ದರು. ಸಂಸ್ಥಾನಗಳು ಹೋದವು. ಕಚೇರಿಯ ಮರಾಠಿ ಕಾಗದಗಳು ನಿಧಾನವಾಗಿ ಕನ್ನಡಕ್ಕೆ ತಿರುಗಿದವು. ಹೆಣ್ಣುಮಕ್ಕಳ ಶಾಲೆಗಳಿಗೆ ಕಲಿಸುವ ಹೆಂಗಸರು ಬೇಕಾಗಿದ್ದಾರೆ, ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾಗಿದ್ದರೆ ಸಾಕು ಎಂಬ ಸುದ್ದಿ ಬಂತು. ಅತ್ತೆ ಮದುವೆಗೆ ಮುಂಚೆ ಆರನೆಯ ಇಯತ್ತೆ ಮುಗಿಸಿದ್ದಳು. ಕನ್ನಡ ಶಾಲೆಯ ಮಾಸ್ತರರಾಗಿದ್ದ ಅಪ್ಪ ಅವಳನ್ನು ಪರೀಕ್ಷೆಗೆ ಕೂಡಿಸುವುದೆಂದು ಗೊತ್ತುಮಾಡಿದರು.

ಸುಗ್ಗಿ ಮುಗಿದ ಮೇಲೆ ಮೈದುನ ಗಾಡಿ ಕಟ್ಟಿಕೊಂಡು ಬಂದ. ಪಡಸಾಲೆಯಲ್ಲಿ ಕೂತು ನೀರು ಕುಡಿದು, ‘ಮನ್ಯಾಗ ಅಡಿಗಿ ಮಾಡಾಕ ಕೈ ಇಲ್ರಿ. ಅವ್ವಗ ಆಗವಲ್ದು. ಕಳಿಸಿಕೊಡ್ರಿ’ ಎಂದ.

‘ಒಂದು ವರ್ಷ ತಡೀರಿ,’ ಎಂದರು ಅಪ್ಪ. ‘ಪರೀಕ್ಷಾಕ್ಕ ಕುಂದರತಾಳ. ನೌಕರಿ ಸಿಗಲಿಲ್ಲ ಅಂದ್ರ ನಾನ ತಂದು ಬಿಡತೀನಿ.’

ಮೈದುನ ನಡುಮನೆಯ ಬಾಗಿಲಲ್ಲಿ ನಿಂತಿದ್ದ ಅತ್ತೆಯ ಕಡೆ ತಿರುಗಿ, ‘ಕೇಳಿದಿಲ್ಲ? ಒಂದು ವರ್ಷ,’ ಎಂದು ಎದ್ದು ಹೋದ. ಅಪ್ಪ ಕೊಟ್ಟ ಮಾತಿಗೆ ತಪ್ಪುವವರಲ್ಲ. ಊರಲ್ಲಿ ಅದಕ್ಕೆ ಅವರಿಗೆ ದೊಡ್ಡ ಮರ್ಯಾದೆ, ಮನೆಯಲ್ಲಿ ನಮಗೆ ಅದೇ ದೊಡ್ಡ ಭಯ. ಪರೀಕ್ಷೆಯಲ್ಲಿ ಹೆಚ್ಚುಕಡಿಮೆಯಾದರೆ ಅತ್ತೆಯನ್ನು ಅವರು ನಿಜವಾಗಿಯೂ ಆ ಒಲೆಯ ಮುಂದೆ ಬಿಟ್ಟುಬರುತ್ತಿದ್ದರು.

ಅದೇ ವರ್ಷ ನಾನೂ ಏಳನೆಯ ಇಯತ್ತೆಯಲ್ಲಿದ್ದೆ. ತಂಗಿಗೆ ಲೆಕ್ಕ ಕಲಿಸುವಾಗ ಅಪ್ಪನಿಗೆ ಸಿಟ್ಟು ಬರುತ್ತಿತ್ತು. ಹೀಗಾಗಿ ಲೆಕ್ಕ ಮಾತ್ರ ಅವರದು, ವ್ಯಾಕರಣ ನನ್ನದು ಎಂದಾಯಿತು. ಹನ್ನೆರಡು ವರ್ಷದ ನಾನು ಇಪ್ಪತ್ತರ ಅತ್ತೆಗೆ ಮಾಸ್ತರ. ಮೊದಲ ದಿನ ಪ್ರತ್ಯಯಗಳ ಪಟ್ಟಿ ತೋರಿಸಿದಾಗ ಅವಳು, ‘ಇವಕ್ಕ ತಾವ ನಿಂತರ ಅರ್ಥ ಇಲ್ಲೇನು?’ ಎಂದು ಕೇಳಿದಳು.

‘ಇಲ್ಲ ಅತ್ತಿ. ಒಂದು ಹೆಸರಿನ ಹಿಂದ ಹತ್ತಿದರಷ್ಟ.’

‘ಹಂಗಾರ ಇವೂ ನಮ್ಮ ಮನಿ ಹೆಂಗಸರ,’ ಎಂದು ನಕ್ಕಳು. ನಾನೂ ನಕ್ಕೆ. ಅದರಲ್ಲಿ ನಗುವಂಥದ್ದು ಹೆಚ್ಚೇನೂ ಇರಲಿಲ್ಲವೆಂದು ತಿಳಿಯಲು ನನಗೆ ಇನ್ನೂ ಕೆಲವು ವರ್ಷ ಬೇಕಾದವು.

ತೊಡಕು ಬಂದದ್ದು ಎರಡನೆಯ ದಿನ. ವ್ಯಾಕರಣದ ಪುಸ್ತಕದಲ್ಲಿ ಪ್ರತ್ಯಯ ಹಚ್ಚಿ ತೋರಿಸಲು ಮೊದಲು ತೆಗೆದುಕೊಂಡ ಹೆಸರು ಅತ್ತೆಯ ಗಂಡನದೇ. ಅದನ್ನು ನಾನು ಇಲ್ಲಿ ಬರೆಯುವುದಿಲ್ಲ. ನನಗೆ ಕಟ್ಟಳೆಯೇನೂ ಇಲ್ಲ, ಆ ವರ್ಷ ನುಂಗಿ ನುಂಗಿ ಅಭ್ಯಾಸವಾಗಿಬಿಟ್ಟಿದೆ. ಎರಡಕ್ಷರದ ಹೆಸರು, ದೇವರದೂ ಹೌದು. ಕನ್ನಡ ವ್ಯಾಕರಣ ಓದಿದವರು ಯಾರಾದರೂ ಅದನ್ನೇ ಮೊದಲು ಓದಿರುತ್ತಾರೆ.

ಗಂಡನ ಹೆಸರನ್ನು ಹೆಂಡತಿ ಬಾಯಲ್ಲಿ ತರಬಾರದು, ತಂದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ. ಇದು ನಮ್ಮ ಕಡೆಯ ಹೆಂಗಸರಿಗೆ ಉಸಿರಾಟದಷ್ಟೇ ಸಹಜವಾಗಿತ್ತು. ಗಂಡನ ಹೆಸರಿನಲ್ಲಿ ವಾರದ ಹೆಸರು ಸೇರಿಕೊಂಡಿದ್ದ ಪಕ್ಕದ ಮನೆಯ ಗೌಡತಿ ಆ ವಾರವನ್ನು ‘ಆಯ್ತವಾರದ ಮರುದಿನ’ ಎನ್ನುತ್ತಿದ್ದಳು. ಮದುವೆಯಲ್ಲಿ, ಬಸುರಿಗೆ ಮಾಡುವ ಕುಬಸದಲ್ಲಿ ಮಾತ್ರ ಎರಡು ಸಾಲಿನ ಪ್ರಾಸದೊಳಗೆ ಸೇರಿಸಿ ಹೆಸರು ಹೇಳಬಹುದು. ಅದಕ್ಕೆ ಒಡಪು ಎನ್ನುತ್ತಾರೆ. ಗಂಡನನ್ನು ಕಳೆದುಕೊಂಡವಳಿಗೆ ಕುಬಸದ ಕರೆಯೂ ಇಲ್ಲ, ಒಡಪೂ ಇಲ್ಲ. ಅತ್ತೆ ಭಜನೆಯಲ್ಲೂ ಆ ದೇವರ ಹೆಸರು ಬಂದಲ್ಲಿ ‘ಸೀತಾಪತಿ’ ಎಂದು ಸೇರಿಸಿಕೊಳ್ಳುತ್ತಿದ್ದಳು. ತಾಳ ತಪ್ಪುತ್ತಿತ್ತು, ಯಾರೂ ಏನೂ ಅನ್ನುತ್ತಿರಲಿಲ್ಲ.

ಗಂಡನೇ ಹೋದ ಮೇಲೆ ಕಡಿಮೆಯಾಗಲು ಆಯುಷ್ಯ ಎಲ್ಲಿದೆ ಎಂದು ನಾನು ಅಜ್ಜಿಯನ್ನು ಕೇಳಿದೆ. ‘ಹೋದವರಿಗೂ ಮಾನ ಅಂಬೂದು ಐತಿ,’ ಎಂದಳು. ಅಜ್ಜಿಯ ಹತ್ತಿರ ಪ್ರತಿಯೊಂದಕ್ಕೂ ಉತ್ತರ ಇರುತ್ತಿತ್ತು, ಪ್ರಶ್ನೆಗೂ ಅದಕ್ಕೂ ಸಂಬಂಧ ಇರಲೇಬೇಕೆಂದಿರಲಿಲ್ಲ.

ಆಗ ನಾನು ಒಂದು ಜಾಣತನ ಮಾಡಿದೆ. ಅಪ್ಪನ ಹಳೆಯ ಪಂಚಾಂಗದ ಅಂಚುಗಳನ್ನು ಕತ್ತರಿಸಿ ಸಣ್ಣ ಸಣ್ಣ ಚೀಟಿ ಮಾಡಿದೆ. ಪುಸ್ತಕದಲ್ಲಿ ಆ ಹೆಸರು ಎಲ್ಲೆಲ್ಲಿ ಇತ್ತೋ ಅಲ್ಲೆಲ್ಲ ಅನ್ನದ ಅಗುಳಿನಿಂದ ಚೀಟಿ ಹಚ್ಚಿ, ಮೇಲೆ ‘ಹುಡುಗ’ ಎಂದು ಬರೆದೆ. ಹುಡುಗನು, ಹುಡುಗನನ್ನು, ಹುಡುಗನಿಂದ. ಅತ್ತೆ ಪುಸ್ತಕ ತೆರೆದು ನೋಡಿದಳು, ಓದತೊಡಗಿದಳು. ಅಪ್ಪ ಕೂಡ ನೋಡಿದರು. ಸಂಜೆ ಪಡಸಾಲೆಗೆ ಮನೆಪಾಠಕ್ಕೆ ಬರುತ್ತಿದ್ದ ಹುಡುಗರಿಗೆ ಅವರು, ‘ನಮ್ಮ ತಂಗಿ ಹೊರಗ ಬಂದರ ಅರಸ ಅನ್ರಿ,’ ಎಂದು ತಾಕೀತು ಮಾಡಿದರು. ಹುಡುಗರು ಪುಸ್ತಕದ ಹೆಸರು ಹಿಡಿದು ಗಟ್ಟಿಯಾಗಿ ಒದರುತ್ತಿರುವಾಗ ಅತ್ತೆ ಕೊಡ ಹಿಡಿದು ಬಾಗಿಲಿಗೆ ಬಂದರೆ ತೃತೀಯೆಯಿಂದ ಆ ಹೆಸರು ಅರಸನಾಗುತ್ತಿತ್ತು. ಅವಳು ಅಂಗಳ ದಾಟಿದ ಕೂಡಲೆ ಷಷ್ಠಿಯಲ್ಲಿ ಮತ್ತೆ ಹಳೆಯ ಹೆಸರು. ಬೀದಿಯಲ್ಲಿ ಹೋಗುವವರು ಕೇಳಿ ನಗುತ್ತಿದ್ದರು. ಒಂದು ವರ್ಷವಿಡೀ ಮನೆ ಮಂದಿಯೆಲ್ಲ ಸೇರಿ ಆ ಹೆಸರು ಅವಳ ಕಿವಿಗೂ ಬೀಳದಂತೆ, ಕಣ್ಣಿಗೂ ಬೀಳದಂತೆ ಕಾದೆವು. ಒಳ್ಳೆಯದನ್ನೇ ಮಾಡುತ್ತಿದ್ದೇವೆಂದು ನಮಗೆ ಖಾತ್ರಿಯಿತ್ತು.

ಬರೆಯುವ ಪರೀಕ್ಷೆಯಲ್ಲಿ ಇಬ್ಬರೂ ಪಾಸಾದೆವು. ಅತ್ತೆಗೆ ನನಗಿಂತ ಹೆಚ್ಚು ಅಂಕ ಬಂದವು. ನನಗೆ ಸ್ವಲ್ಪ ಹೊಟ್ಟೆಕಿಚ್ಚಾಯಿತು ಎಂಬುದನ್ನು ಮುಚ್ಚಿಡುವುದಿಲ್ಲ. ಆದರೆ ನೌಕರಿಗೆ ತೆಗೆದುಕೊಳ್ಳುವ ಮುಂಚೆ ಗದಗಿನಲ್ಲಿ ತೋಂಡಿ ಪರೀಕ್ಷೆ ಇತ್ತು, ಎದುರಿಗೆ ನಿಂತು ಬಾಯಿಂದ ಉತ್ತರ ಹೇಳುವುದು. ಅಪ್ಪ, ಅತ್ತೆ, ನಾನು ಮೂವರೂ ಶಿರಹಟ್ಟಿಯ ಮೇಲೆ ಹೋಗುವ ಮೋಟಾರಿನಲ್ಲಿ ಗದಗಿಗೆ ಹೋದೆವು. ದಾರಿಯುದ್ದಕ್ಕೂ ಅತ್ತೆ ಕಿಟಕಿಯ ಆಚೆ ಹತ್ತಿಯ ಹೊಲ ನೋಡುತ್ತಿದ್ದಳು. ತುಟಿ ಮಾತ್ರ ಆಡುತ್ತಿತ್ತು.

ಪರೀಕ್ಷೆ ಒಂದು ಶಾಲೆಯ ಕೋಣೆಯಲ್ಲಿ. ಧಾರವಾಡದ ಕಡೆಯಿಂದ ಬಂದಿದ್ದ ರುಮಾಲಿನ ಹಿರಿಯರೊಬ್ಬರು ಪ್ರಶ್ನೆ ಕೇಳುವವರು, ಪಕ್ಕದಲ್ಲಿ ಅರ್ಜಿಗಳ ಕಟ್ಟು ಹಿಡಿದ ಗುಮಾಸ್ತ. ಒಬ್ಬೊಬ್ಬರನ್ನೇ ಒಳಗೆ ಕರೆಯುತ್ತಿದ್ದರು. ಅಪ್ಪ ಮತ್ತು ನಾನು ಹೊರಗೆ ಕಿಟಕಿಯ ಹತ್ತಿರದ ಕಟ್ಟೆಯ ಮೇಲೆ ಕೂತೆವು. ಎಲ್ಲ ಕೇಳಿಸುತ್ತಿತ್ತು. ಅತ್ತೆ ಪದ್ಯ ಹೇಳಿದಳು, ನದಿಗಳ ಹೆಸರು ಹೇಳಿದಳು, ಬಾಯಿಲೆಕ್ಕವನ್ನೂ ತಡವರಿಸದೆ ಮಾಡಿದಳು. ಅಪ್ಪ ನನ್ನ ಮುಖ ನೋಡಿ ತಲೆಯಾಡಿಸಿದರು. ಆಮೇಲೆ ಆ ಹಿರಿಯರು ವಿಭಕ್ತಿ ಹೇಳಿರೆಂದು ಒಂದು ಹೆಸರು ಕೊಟ್ಟರು. ಹಿಂದಿನವರಿಗೆ ಮರ, ಗುರು ಎಂದೆಲ್ಲ ಕೇಳಿದ್ದವರು ಇವಳಿಗೆ ಪುಸ್ತಕದ ಮೊದಲ ಹೆಸರನ್ನೇ ಕೇಳಿದ್ದರು.

ಒಳಗೆ ಸದ್ದಿಲ್ಲ. ನಾನು ಎದ್ದು ಕಿಟಕಿಯಲ್ಲಿ ನೋಡಿದೆ. ಅತ್ತೆ ಸೆರಗಿನ ತುದಿ ಹಿಡಿದು ನೆಲ ನೋಡುತ್ತ ನಿಂತಿದ್ದಳು.

‘ಬರೂದಿಲ್ಲೇನ್ರಿ?’ ಎಂದರು ಅವರು. ‘ಸಣ್ಣ ಹುಡುಗರು ಹೇಳತಾವ ಇದನ್ನ.’

ಹಿರಿಯರು ಅಂಕ ಬರೆಯಲು ಟಾಕು ಕೈಗೆ ತೆಗೆದುಕೊಂಡರು. ಅಪ್ಪ ಕಟ್ಟೆಯ ಮೇಲೆ ಕಣ್ಣು ಮುಚ್ಚಿ ಕೂತಿದ್ದರು. ಅವರು ಕೊಟ್ಟ ಮಾತು ಅವರಿಗೆ ನೆನಪಾಗಿರಬೇಕು. ನನಗಂತೂ ಕೊರ್ಲಹಳ್ಳಿಯ ಗಾಡಿಯೇ ಕಣ್ಣಿಗೆ ಬಂತು. ಅಷ್ಟರಲ್ಲಿ ಗುಮಾಸ್ತ ಅತ್ತೆಯ ಅರ್ಜಿಯನ್ನು ಮೆಲ್ಲಗೆ ಹಿರಿಯರ ಮುಂದೆ ಸರಿಸಿದ. ನಮ್ಮ ಕಡೆ ಕಾಗದದ ಮೇಲೆ ಹೆಂಗಸಿನ ಹೆಸರಿನ ಬೆನ್ನಿಗೆ ಗಂಡನ ಹೆಸರನ್ನು ಬರೆಯುವುದು ರೂಢಿ. ಅವರು ಓದಿದರು. ಅವರ ಮುಖ ಸಣ್ಣದಾಯಿತು.

‘ತಪ್ಪಾತವ್ವಾ, ಲಕ್ಷ್ಯಕ್ಕ ಬರಲಿಲ್ಲ,’ ಎಂದರು. ‘ಬ್ಯಾರೆ ಶಬ್ದ ತೊಗೊಳ್ರಿ. ಹುಡುಗ ಅಂತ ಹೇಳ್ರಿ, ಸಾಕು.’

ನಾವು ವರ್ಷವಿಡೀ ಓದಿಸಿದ ಶಬ್ದ. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಅವಳು ಹೇಳುತ್ತಿದ್ದಳು. ಗೆದ್ದೆವು ಎಂದುಕೊಂಡೆ.

‘ಬ್ಯಾಡ್ರಿ,’ ಎಂದಳು ಅತ್ತೆ.

‘ಯಾಕ್ರಿ?’

‘ನಾಳೆ ಶಾಲಿಗೆ ಹೋದರ ಹುಡುಗರ ಪುಸ್ತಕದಾಗ ಇದ ಇರತೈತ್ರಿ. ವರ್ಷಾ ವರ್ಷಾ ಇರತೈತಿ. ಅಲ್ಲೆ ಯಾರು ಚೀಟಿ ಹಚ್ಚತಾರ್ರಿ?’

ಅವರಿಗೆ ಚೀಟಿಯ ಮಾತು ತಿಳಿಯಲಿಲ್ಲ. ನನಗೆ ತಿಳಿಯಿತು, ಬಹಳ ನಾಚಿಕೆಯಾಯಿತು. ಯಾವ ಒಂದು ಮಾತನ್ನು ಅವಳು ಮೊದಲ ದಿನವೇ ದಾಟಬೇಕಾಗಿತ್ತೋ ಅದನ್ನು ನಾವು ಪ್ರೀತಿಯಿಂದ, ಅಗುಳು ಹಚ್ಚಿ, ಈ ಕೋಣೆಯವರೆಗೆ ಮುಂದೂಡಿಕೊಂಡು ಬಂದಿದ್ದೆವು.

ಅತ್ತೆ ಶುರುಮಾಡಿದಳು. ಪ್ರಥಮೆಯಲ್ಲಿ ಆ ಹೆಸರು ಅವಳ ಬಾಯಿಂದ ಬಂದಾಗ ಧ್ವನಿ ಒಡೆದಿತ್ತು. ಗಂಟಲು ಸರಿಮಾಡಿಕೊಂಡು ಮತ್ತೊಮ್ಮೆ ಹೇಳಿದಳು. ದ್ವಿತೀಯೆಗೆ ಬರುವಷ್ಟರಲ್ಲಿ ಗಟ್ಟಿಯಾದಳು. ಅವನಿಂದ, ಅವನಿಗೆ, ಅವನ ಎನ್ನುವ ಕಡೆಯೆಲ್ಲ ಆ ಹೆಸರೇ ನಿಂತು, ಒಂದೊಂದು ಪ್ರತ್ಯಯ ಹಚ್ಚಿಕೊಂಡು ಮುಂದೆ ಹೋಯಿತು. ಆ ಕೆಲಸಕ್ಕೆ ಬಾರದ ‘ದೆಸೆಯಿಂದ’ ಕೂಡ ಅವತ್ತು ಅವಳ ಬಾಯಲ್ಲಿ ಅರ್ಥವಿರುವ ಮಾತಿನಂತೆ ಕೇಳಿಸಿತು. ಸಪ್ತಮಿ ಮುಗಿಸಿ ನಿಂತಳು.

ಈ ಏಳೂ ಒಬ್ಬನ ಬಗ್ಗೆ ಇನ್ನೊಬ್ಬರ ಮುಂದೆ ಹೇಳುವ ಮಾತುಗಳು. ಅವನು ಅಲ್ಲಿ ಇರಬೇಕಾದ್ದಿಲ್ಲ. ಎಂಟನೆಯದು ಹಾಗಲ್ಲ, ಅದನ್ನು ಅವನಿಗೇ ಹೇಳಬೇಕು. ಗಂಡ ಬದುಕಿದ್ದಾಗ ಅತ್ತೆ ಅವರನ್ನು ಹೆಸರು ಹಿಡಿದು ಕರೆದವಳಲ್ಲ. ಯಾವ ಹೆಂಡತಿಯೂ ಕರೆಯುತ್ತಿರಲಿಲ್ಲ.

‘ಸಾಕ್ರಿ, ಏಳು ಆದವು,’ ಎಂದರು ಹಿರಿಯರು. ‘ಸಂಬೋಧನಾ ಬಿಡ್ರಿ.’

ಅತ್ತೆ ಬಿಡಲಿಲ್ಲ. ಪುಸ್ತಕದಲ್ಲಿ ಬರೆದಂತೆ ‘ಎಲೈ’ ಎಂದು ರಾಗ ಎಳೆಯಲೂ ಇಲ್ಲ. ತಲೆಯೆತ್ತಿ, ಹೊಲದ ಆ ತುದಿಯಲ್ಲಿ ಇರುವವರನ್ನು ಕರೆಯುವ ಹಾಗೆ, ಹೆಸರಿನ ಕೊನೆಯನ್ನು ಉದ್ದ ಮಾಡಿ ಒಮ್ಮೆ ಕರೆದಳು. ಪಕ್ಕದ ಕೋಣೆಯ ಗದ್ದಲ ನಿಂತಿತು. ಸಿಪಾಯಿ ಓಡಿಬಂದು ಬಾಗಿಲಲ್ಲಿ ಇಣುಕಿದ. ಕರೆದವರು ಉತ್ತರಕ್ಕೆ ಕಾಯುವಷ್ಟು ಹೊತ್ತು ಅತ್ತೆ ಹಾಗೆಯೇ ನಿಂತಿದ್ದಳು. ಆಮೇಲೆ, ‘ಮುಂದ ಕೇಳ್ರಿ,’ ಎಂದಳು.

ಅವರು ಮುಂದೆ ಏನನ್ನೂ ಕೇಳಲಿಲ್ಲ. ನಾನು ಕಿಟಕಿಯ ಸರಳು ಹಿಡಿದು ಅಳುತ್ತಿದ್ದೆ.

ಗಂಡನ ಹೆಸರು ಒದರಿದಳಂತೆ ಎಂದು ಲಕ್ಷ್ಮೇಶ್ವರದಲ್ಲಿ ಕೆಲವು ದಿನ ಮಾತು ನಡೆಯಿತು. ಅಜ್ಜಿ ಎರಡು ದಿನ ಮಗಳ ಕೂಡ ಮಾತು ಬಿಟ್ಟಳು, ಮೂರನೆಯ ದಿನ ರೊಟ್ಟಿ ಸುಡಲು ಕೈ ಸಾಲದೆ ತಾನೇ ಕರೆದಳು. ಮಳೆಗಾಲ ಹಿಡಿಯುವ ಹೊತ್ತಿಗೆ ಮುಂಡರಗಿಯ ಹೆಣ್ಣುಮಕ್ಕಳ ಶಾಲೆಗೆ ಹಾಜರಾಗಬೇಕೆಂದು ಹುಕುಂ ಬಂತು. ಅಪ್ಪ ಕೊರ್ಲಹಳ್ಳಿಗೆ ಒಂದು ಕಾರ್ಡು ಬರೆದು ಸುದ್ದಿ ತಿಳಿಸಿದರು. ಆ ಕಡೆಯಿಂದ ಉತ್ತರ ಬರಲಿಲ್ಲ, ಗಾಡಿಯೂ ಬರಲಿಲ್ಲ. ಅತ್ತೆ ಮುಂಡರಗಿಯಲ್ಲಿ ಒಂದು ಕೋಣೆ ಹಿಡಿದು, ತನ್ನ ಒಬ್ಬಳ ಅಡಿಗೆ ಮಾಡಿಕೊಂಡು ಇರತೊಡಗಿದಳು.

ಕನ್ನಡನಾಡು ಒಂದಾದ ವರ್ಷ ನಾನೂ ಬೆಟಗೇರಿಯಲ್ಲಿ ಶಿಕ್ಷಕಿಯಾಗಿ ಸೇರಿದ್ದೆ. ರಜೆಯಲ್ಲಿ ಅತ್ತೆಯನ್ನು ನೋಡಲು ಮುಂಡರಗಿಗೆ ಹೋದರೆ ಅವಳ ಶಾಲೆಗೆ ರಜೆ ಆಗಿರಲಿಲ್ಲ. ನೇರ ಶಾಲೆಗೇ ಹೋದೆ. ಅಂಗಳದಲ್ಲಿ ವಿಚಿತ್ರ ಪಾಠ ನಡೆದಿತ್ತು. ಒಬ್ಬ ಹುಡುಗಿ ಆ ತುದಿಯ ಗೋಡೆಗೆ ಮುಖಮಾಡಿ ನಿಂತಿದ್ದಾಳೆ. ಈ ತುದಿಯಿಂದ ಇನ್ನೊಬ್ಬಳು ಅವಳ ಹೆಸರಿಗೆ ಸಂಬೋಧನೆಯ ಪ್ರತ್ಯಯ ಹಚ್ಚಿ ಕರೆಯಬೇಕು. ಅವಳು ತಿರುಗಿದರೆ ಪಾಸು, ತಿರುಗದಿದ್ದರೆ ಮತ್ತೆ ಕರೆಯಬೇಕು. ನಡುವೆ ಉಳಿದ ಹುಡುಗಿಯರಿಗೆಲ್ಲ ಬೇಕೆಂದೇ ಗದ್ದಲ ಮಾಡಲು ಹೇಳಿದ್ದಳು.

ಹೊಸ ಮಾಸ್ತರಿಕೆಯ ಹುಮ್ಮಸ್ಸು ನನಗೆ. ಮಧ್ಯಾಹ್ನದ ಬಿಡುವಿನಲ್ಲಿ ಒಳಗೆ ಕೂತು ಬುತ್ತಿ ಬಿಚ್ಚಿದಾಗ, ‘ಏಳು ವಿಭಕ್ತಿ ಒಂದ ತಾಸಿನ್ಯಾಗ ಮುಗಸ್ತೀ. ಇದೊಂದಕ್ಕ ಇಡೀ ಮುಂಜಾನೆ ಯಾಕ ಅತ್ತಿ? ಪರೀಕ್ಷಾದಾಗ ಇದಕ್ಕ ಒಂದ ಮಾರ್ಕು,’ ಎಂದೆ.

ಅವಳು ರೊಟ್ಟಿ ಮುರಿದು ಅರ್ಧ ನನಗೆ ಕೊಟ್ಟಳು. ಗಂಡ ತೀರಿಕೊಂಡ ದಿನದ ಬಗ್ಗೆ ಅವಳು ಮಾತಾಡಿದ್ದನ್ನು ಅದಕ್ಕೆ ಮುಂಚೆ ನಾನು ಕೇಳಿರಲಿಲ್ಲ. ಆಮೇಲೆಯೂ ಕೇಳಲಿಲ್ಲ.

‘ಅವತ್ತ ಹೊಳಿ ಏರಾಕ ಹತ್ತಿತ್ತು,’ ಎಂದಳು. ‘ಹರಗೋಲ ಇನ್ನೂ ದಂಡಿ ಹತ್ತರನ ಇತ್ತು, ಮೊಣಕಾಲ ಮಟ್ಟ ನೀರಾಗ. ಇಳದು ಬರಬಹುದಿತ್ತು. ದಂಡಿ ಮ್ಯಾಲೆ ಏಳೆಂಟು ಮಂದಿ ಹೆಂಗಸರು ಇದ್ವಿ. ಎಲ್ಲಾರ ಗಂಡಂದಿರೂ ಅದರಾಗ. ಎಲ್ಲಾರೂ ಏನ್ರಿ, ಏನ್ರಿ ಅಂತ ಒದರಿದ್ವಿ. ನಮ್ಮ ಮನಿಯವರು ತಿರುಗಿ ನೋಡಿದರು. ನಗಕೋತ ನಮಗೆಲ್ಲಾ ಕೈ ಬೀಸಿದರು. ನಾನು ಅವರನ್ನ ಕರೀಲಿಕ್ಕೆ ಹತ್ತೀನಿ ಅಂತ ಅವರಿಗೆ ಹೆಂಗ ತಿಳೀಬೇಕು?’